ಮಳೆಗೆ ಮುಂಚೆ ಮಾಳಿಗೆಯ ದೋಣಿ ನೋಡಿರಿ



ಭರಣಿ, ಕೃತ್ತಿಕೆ ಮಳೆಗಳ ಹೊತ್ತಿಗೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲೂಕುಗಳಲ್ಲಿ ಎಲ್ಲರ ಲಕ್ಷ್ಯವೂ ಹೊಲದ ಮೇಲೆಯೇ. ಗೊಬ್ಬರ ಹೇರಿದ್ದಾಯಿತೇ, ಕುಂಟೆ ಹೊಡೆದದ್ದಾಯಿತೇ, ಶೇಂಗಾ ಬೀಜ ಸುಲಿದದ್ದಾಯಿತೇ ಎಂಬುದೇ ಮಾತು. ಈ ಪುಟದಲ್ಲಿಯೂ ಈ ದಿನಗಳಲ್ಲಿ ಬೀಜೋಪಚಾರದ ವಿಷಯ ಬರೆಯುವುದು ರೂಢಿ. ಈ ವಾರ ಮಾತ್ರ ಹೊಲವನ್ನು ಬಿಟ್ಟು, ಏಣಿ ಹಾಕಿಕೊಂಡು ಮನೆಯ ಮೇಲೆ ಹತ್ತೋಣ. ಬಿತ್ತಿದ ಬೆಳೆ ಕೆಟ್ಟರೆ ಮುಂದಿನ ವರ್ಷ ಇದೆ. ಮಲಗಿದ್ದವರ ಮೇಲೆ ಗೋಡೆ ಬಿದ್ದರೆ ಮುಂದಿನ ವರ್ಷದ ಮಾತೇ ಬರುವುದಿಲ್ಲ.

ಮಾಳಿಗೆಯ ಮೇಲೆ ಬಿದ್ದ ನೀರನ್ನು ಗೋಡೆಯಾಚೆಗೆ ಎಸೆಯುವ ಕೊಳವೆಗೂ ದೋಣಿ ಎನ್ನುತ್ತೇವೆ. ಹೆಂಚಿನ ಇಲ್ಲವೆ ತಗಡಿನ ಸೂರಿನ ಉದ್ದಕ್ಕೂ ಕಟ್ಟುವ ಅರೆಕೊಳವೆಗೂ ದೋಣಿ ಎನ್ನುತ್ತೇವೆ. ಗೊಂದಲ ಬೇಡವೆಂದು ಇಲ್ಲಿ ಮೊದಲನೆಯದನ್ನು ಮಾಳಿಗೆ ದೋಣಿ ಎಂದೂ, ಎರಡನೆಯದನ್ನು ಸೂರು ದೋಣಿ ಎಂದೂ ಕರೆಯುತ್ತೇನೆ. ಎರಡೂ ಅಗ್ಗದ ವಸ್ತುಗಳು. ಮನೆ ಕಟ್ಟುವಾಗ ಕಟ್ಟಕಡೆಗೆ, ಕೈಯಲ್ಲಿ ಹಣ ಮುಗಿದ ಮೇಲೆ, ಗೌಂಡಿ ಹೇಗೆ ಇಟ್ಟರೆ ಹಾಗೆ ಕೂರುವಂಥವು. ಆದರೆ ಮಣ್ಣಿನ ಗೋಡೆಯ ಮನೆಗೆ ಆಯುಷ್ಯವಿರುವುದು ಈ ದೋಣಿಯಲ್ಲಿಯೇ.

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಳೆ ನಿಮ್ಮಲ್ಲಿ ಅನೇಕರಿಗೆ ನೆನಪಿದೆ. ಬಳ್ಳಾರಿ, ರಾಯಚೂರು, ಬಾಗಲಕೋಟೆ, ಬಿಜಾಪುರ ಮುಂತಾದ ಜಿಲ್ಲೆಗಳಲ್ಲಿ ಲಕ್ಷಗಟ್ಟಲೆ ಮನೆಗಳು ಬಿದ್ದವು ಇಲ್ಲವೆ ಜಖಂಗೊಂಡವು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಗೋಡೆ, ಮಾಳಿಗೆ ಕುಸಿದು ಸತ್ತವರು ಅವರಲ್ಲಿ ಅನೇಕರು. ಅಂಥ ಮಳೆಗೆ ಯಾವ ದೋಣಿಯೂ ಸಾಲದು ಎಂದು ನೀವು ಹೇಳಬಹುದು. ಅದು ನಿಜ. ಆದರೆ ಸಾಧಾರಣ ಹಿಂಗಾರು ಮಳೆಗೂ ನಮ್ಮ ಕಡೆ ಗೋಡೆ ಬಿದ್ದ ಸುದ್ದಿ ಬರುತ್ತಲೇ ಇರುತ್ತದೆ. ಹಾಗೆ ಬಿದ್ದ ಗೋಡೆಗಳನ್ನು ಹೋಗಿ ನೋಡಿದಾಗಲೆಲ್ಲ ಅದರ ನೆತ್ತಿಯ ಮೇಲೆ ಕಟ್ಟಿಕೊಂಡ ದೋಣಿ, ಇಲ್ಲವೆ ಬುಡದಲ್ಲಿ ನೀರು ಕೊರೆದ ಗುಂಡಿ, ಎರಡರಲ್ಲೊಂದು ಸಾಮಾನ್ಯವಾಗಿ ಕಂಡಿದೆ.

ನಮ್ಮ ಮಳೆಯ ಗುಣವೇ ಬೇರೆ

ಕರಾವಳಿಯಲ್ಲಿ ಮಂಗಳೂರಿನಂಥ ಕಡೆ ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ. ಜೂನ್ ತಿಂಗಳಲ್ಲಿ ಶುರುವಾದರೆ ನಾಲ್ಕು ತಿಂಗಳು ಅಲ್ಲಿಯ ಜನ ದೋಣಿಯ ಸದ್ದಿನಲ್ಲಿಯೇ ಮಲಗಿ ಏಳುತ್ತಾರೆ. ದೋಣಿ ಕಟ್ಟಿಕೊಂಡರೆ ಅದೇ ದಿನ ಗೊತ್ತಾಗುತ್ತದೆ, ಮರುದಿನ ಸರಿಮಾಡುತ್ತಾರೆ. ಅಡಿಕೆ ಮರವನ್ನು ಸೀಳಿ, ತಿರುಳು ತೆಗೆದು ದೋಣಿ ಮಾಡಿಕೊಳ್ಳುವ ವಿದ್ಯೆ ಅವರಿಗೆ ಹಳೆಯದು. ಅಲ್ಲಿಯ ದೋಣಿಗೆ ವೈರಿಗಳು ಪಾಚಿ, ಕೊಳೆತ ಎಲೆ ಮತ್ತು ತಗಡನ್ನು ತಿನ್ನುವ ಉಪ್ಪುಗಾಳಿ.

ನಮ್ಮ ಐದು ತಾಲೂಕುಗಳಲ್ಲಿ ವರ್ಷದ ಸರಾಸರಿ ಮಳೆ ಸುಮಾರು 500ರಿಂದ 650 ಮಿಲಿಮೀಟರ್. ‘ಇಷ್ಟು ಮಳೆಗೆ ದೋಣಿ ಏಕೆ’ ಎಂಬ ಉದಾಸೀನ ಇಲ್ಲಿಯೇ ಹುಟ್ಟುತ್ತದೆ. ಆದರೆ ಈ ಮಳೆ ದಿನವೂ ಜಿನುಗುವುದಿಲ್ಲ. ಮೃಗಶಿರ, ಆರಿದ್ರದಲ್ಲಿ ಒಂದೆರಡು ಹದ ಬಂದು, ಆಮೇಲೆ ಮೋಡ ಮುಖ ತೋರಿಸಿ ಹೋಗಿ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆಯಲ್ಲಿ ಕೆಲವೇ ರಾತ್ರಿ ಮುಗಿಲು ಹರಿದಂತೆ ಸುರಿಯುತ್ತದೆ. ಉಳಿದ ಏಳೆಂಟು ತಿಂಗಳು ದೋಣಿ ಒಣಗಿ ನಿಂತಿರುತ್ತದೆ. ಆ ಅವಧಿಯಲ್ಲಿ ಗುಬ್ಬಿ ಗೂಡು ಕಟ್ಟುತ್ತದೆ, ಅಳಿಲು ನಾರು ತುರುಕುತ್ತದೆ, ಕಣಜ ಹುಳ ಮಣ್ಣು ಮೆತ್ತುತ್ತದೆ, ಬೇವಿನ ಎಲೆ ಉದುರುತ್ತದೆ. ಮಾಳಿಗೆಯ ಮೇಲೆ ಒಣಗಲು ಹಾಕಿದ ಮೆಕ್ಕೆಜೋಳದ ಸಿಪ್ಪೆ, ಶೇಂಗಾ ಹೊಟ್ಟು, ಈರುಳ್ಳಿ ಪೊರೆಗಳನ್ನೆಲ್ಲ ಗಾಳಿ ತಂದು ದೋಣಿಯ ಬಾಯಿಗೆ ಇಡುತ್ತದೆ. ಮೊದಲ ದೊಡ್ಡ ಮಳೆ ಬರುವವರೆಗೂ ಈ ಸಂಗತಿ ಯಾರಿಗೂ ತಿಳಿಯುವುದಿಲ್ಲ. ಆ ಮಳೆ ಬರುವುದು ಹೆಚ್ಚಾಗಿ ರಾತ್ರಿ; ಆ ಹೊತ್ತಿಗೆ ಕರೆಂಟೂ ಹೋಗಿರುತ್ತದೆ.

ಒಂದು ಸಣ್ಣ ಲೆಕ್ಕ ಹಾಕಿರಿ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ಮಾಳಿಗೆ 25 ಅಡಿಗೆ 20 ಅಡಿ ಇದ್ದರೆ 500 ಚದರ ಅಡಿ, ಅಂದರೆ ಸುಮಾರು 46 ಚದರ ಮೀಟರ್. ಹಸ್ತದ ಒಂದು ರಾತ್ರಿ ಗಂಟೆಯೊಪ್ಪತ್ತಿನಲ್ಲಿ 50 ಮಿಲಿಮೀಟರ್ ಸುರಿದರೆ 2300 ಲೀಟರ್; 200 ಲೀಟರಿನ ಡ್ರಮ್ಮುಗಳಲ್ಲಿ ಹನ್ನೊಂದೂವರೆ ಡ್ರಮ್ಮು. ಇಷ್ಟೂ ನೀರು ಅಂಗೈಯಗಲದ ಒಂದು ತೂತಿನಿಂದ ಹೊರಗೆ ಹೋಗಬೇಕು. ಆ ತೂತಿನಲ್ಲಿ ಗುಬ್ಬಿಗೂಡಿದ್ದರೆ ನೀರು ಮಾಳಿಗೆಯ ಮೇಲೆ ನಿಲ್ಲುತ್ತದೆ, ನಿಂತ ನೀರು ಗೋಡೆಯ ಒಳಗೆ ದಾರಿ ಹುಡುಕುತ್ತದೆ.

ಕರಲು ಮಣ್ಣಿನ ಮಾಳಿಗೆ

ಆರ್‌ಸಿಸಿ ಮನೆಗಳು ಬಂದು ಎಷ್ಟೋ ಕಾಲವಾದರೂ ಹಳೆಯ ಕೇರಿಗಳಲ್ಲಿ ಮಣ್ಣಿನ ಮಾಳಿಗೆ ಇನ್ನೂ ಉಳಿದಿದೆ. ಮನುಷ್ಯರು ಹೊಸ ಮನೆಗೆ ಹೋದ ಕಡೆ ದನ, ಮೇವು, ಅಜ್ಜ, ಅಜ್ಜಿ ಹಳೆಯ ಮಾಳಿಗೆಯಲ್ಲಿಯೇ ಇರುತ್ತಾರೆ. ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಬಂದರಿಕೆ ಸೊಪ್ಪೋ ಬೇವಿನ ಸೊಪ್ಪೋ ಹಾಸಿ, ಮೇಲೆ ಮಣ್ಣು ಹಾಕಿ ತುಳಿದು, ಕೊನೆಗೆ ಕರಲು ಮಣ್ಣಿನ ಪದರ ಕೊಡುವುದು ನಮ್ಮ ಹಿರಿಯರ ಪದ್ಧತಿ.

ಕರಲು ಮಣ್ಣನ್ನೇ ಏಕೆ ಹಾಕುತ್ತಾರೆಂದು ಕೃಷಿ ಓದಿದವನು ಹೇಳಬೇಕಾದ ಮಾತೊಂದಿದೆ. ಹೊಲದಲ್ಲಿ ಕರಲು ಎದ್ದರೆ ನೀವು ನಮ್ಮ ಕಚೇರಿಗೆ ಬರುತ್ತೀರಿ, ನಾವು ಜಿಪ್ಸಂ ಹಾಕಿರಿ ಎನ್ನುತ್ತೇವೆ. ಆ ಮಣ್ಣಿನಲ್ಲಿ ಸೋಡಿಯಂ ಅಂಶ ಹೆಚ್ಚು. ನೀರು ಬಿದ್ದೊಡನೆ ಜೇಡಿಯ ಕಣಗಳು ಒಂದನ್ನೊಂದು ಬಿಟ್ಟು ಕದಡಿ, ಮಣ್ಣಿನ ಸಣ್ಣ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತವೆ. ನೀರು ಕೆಳಗೆ ಇಳಿಯುವುದಿಲ್ಲ, ಬೇರಿಗೆ ಉಸಿರು ಸಿಗುವುದಿಲ್ಲ. ಹೊಲಕ್ಕೆ ಶಾಪವಾದ ಈ ಗುಣವೇ ಮಾಳಿಗೆಗೆ ವರ. ರಸಾಯನಶಾಸ್ತ್ರ ಓದದೆಯೇ ಇದನ್ನು ಕಂಡುಕೊಂಡ ಹಿರಿಯರಿಗೆ ದೊಡ್ಡ ನಮಸ್ಕಾರ. ಮಾಳಿಗೆಗೆ ಹಾಕುವ ಕರಲಿನಲ್ಲಿ ಉಳಿದ ಜಿಪ್ಸಂ ಬೆರೆಸುವ ಜಾಣತನ ಮಾತ್ರ ಮಾಡಬೇಡಿರಿ. ಅದು ಕಣಗಳನ್ನು ಗುಂಪುಗೂಡಿಸಿ ರಂಧ್ರ ತೆರೆಯುತ್ತದೆ. ಹೊಲದಲ್ಲಿ ಬೇಕಾದದ್ದು ಮಾಳಿಗೆಯಲ್ಲಿ ಬೇಡವಾದದ್ದು.

ಆದರೆ ಕರಲು ಮಣ್ಣು ಎಷ್ಟೇ ಒಳ್ಳೆಯದಾದರೂ ಅದು ಹರಿದು ಹೋಗುವ ನೀರನ್ನು ತಡೆದೀತು, ನಿಂತ ನೀರನ್ನಲ್ಲ. ಅದಕ್ಕೇ ಮಾಳಿಗೆಗೆ ವಾಟ ಕೊಡುವುದು, ವಾಟದ ತುದಿಗೆ ದೋಣಿ ಇಡುವುದು.

ಕೆಲವು ವರ್ಷಗಳ ಹಿಂದೆ ಹರಪನಹಳ್ಳಿ ಕಡೆಯ ಒಂದು ಊರಿಗೆ ಮೆಕ್ಕೆಜೋಳದ ಬೆಳೆ ನೋಡಲು ಹೋಗಿದ್ದೆ. ಬೆಳೆ ನೋಡಿ ಆದ ಮೇಲೆ ರೈತರು ಮನೆಗೆ ಕರೆದರು. ಒಳಗೆ ಮೂಲೆಯಲ್ಲಿ ಎರಡು ಬೋಗುಣಿ, ಒಂದು ಬಕೆಟ್ಟು ಸೋರುವ ನೀರಿಗೆ ಬಾಯಿ ತೆರೆದು ಕುಳಿತಿದ್ದವು. “ಏನ್ ಮಾಡಬೇಕ್ರಿ ಸಾಹೇಬ್ರೆ, ವರ್ಷಾ ಮಣ್ಣು ಹಾಕ್ತೀವಿ, ವರ್ಷಾ ಸೋರತೈತಿ. ಮಣ್ಣಾಗ ಮೊದಲಿನ ಸತ್ವ ಇಲ್ಲ ನೋಡ್ರಿ” ಎಂದರು. ಮೇಲೆ ಹತ್ತಿ ನೋಡಿದರೆ ಸೋರುವ ಮೂಲೆಯಲ್ಲಿಯೇ ದೋಣಿ. ಅದರ ಗಂಟಲಿನ ತುಂಬ ಮೆಕ್ಕೆಜೋಳದ ಸಿಪ್ಪೆ, ನಡುವೆ ಹಳೆಯ ಗುಬ್ಬಿಗೂಡು, ಅದರ ಮೇಲೆ ಕೊಚ್ಚಿ ಬಂದು ಗಟ್ಟಿಯಾದ ಮಣ್ಣು. ಹಾರೆಯಿಂದ ಒಂದು ಕಡೆ ಕೆದರಿ ಅಳೆದೆವು. ಮೂಲ ಮಾಳಿಗೆಯ ಮೇಲೆ ವರ್ಷವರ್ಷ ಹಾಕಿದ್ದು ಸೇರಿ ನಾಲ್ಕು ಅಂಗುಲ ಹೆಚ್ಚು ಮಣ್ಣಿತ್ತು.

ಆ ನಾಲ್ಕು ಅಂಗುಲದ ತೂಕ ಎಷ್ಟೆಂದು ಅವರು ಕೇಳಿರಲಿಲ್ಲ. ನೀವೂ ಕೇಳಿರಲಿಕ್ಕಿಲ್ಲ. 500 ಚದರ ಅಡಿಯ ಮಾಳಿಗೆಗೆ ಒಂದು ಅಂಗುಲ ದಪ್ಪ ಮಣ್ಣು ಹಾಕಿದರೆ ಒಣಗಿದ್ದಾಗಲೇ ಸುಮಾರು 20 ಕ್ವಿಂಟಲ್ ಭಾರ. ನಾಲ್ಕು ಅಂಗುಲಕ್ಕೆ 80 ಕ್ವಿಂಟಲ್. ನೂರೈವತ್ತಕ್ಕೂ ಹೆಚ್ಚು ಚೀಲ ಯೂರಿಯಾವನ್ನು ಮಾಳಿಗೆಯ ಮೇಲೆ ಒಟ್ಟಿ, ಕೆಳಗೆ ಹಾಸಿಗೆ ಹಾಸಿದಂತೆ! ನೆನೆದರೆ ತೂಕ ಇನ್ನೂ ಏರುತ್ತದೆ. ದೋಣಿ ಕಟ್ಟಿಕೊಂಡು ಎರಡು ಅಂಗುಲ ನೀರು ನಿಂತರೆ ಅದರದೇ ಇನ್ನೊಂದು 23 ಕ್ವಿಂಟಲ್. ತೊಲೆ, ಜಂತಿ ಅಜ್ಜನ ಕಾಲದವು. ಅವುಗಳ ತುದಿ ಗೋಡೆಯೊಳಗೆ ಗೆದ್ದಲು ತಿಂದಿದ್ದರೆ ಹೊರಗೆ ಕಾಣುವುದಿಲ್ಲ.

ಸೋರಿದರೆ ಮೊದಲು ಮಣ್ಣು ಹೇರಬೇಡಿರಿ, ಮೊದಲು ದೋಣಿ ನೋಡಿರಿ ಎಂದು ನಾನು ಹೋದಲ್ಲೆಲ್ಲ ಹೇಳುವುದು ಇದಕ್ಕೇ. ಹೊಸ ಕರಲು ಹಾಕುವುದಾದರೆ ಹಳೆಯ ಪದರವನ್ನು ಅಷ್ಟೇ ದಪ್ಪ ಕೆರೆದು ಕೆಳಗಿಳಿಸಿ, ಆಮೇಲೆ ಹಾಕಿರಿ. ಮಣ್ಣು ಇಳಿಸುವುದು ಎರಡು ಆಳಿನ ದಿನದ ಕೆಲಸ, ಬೇಸರದ ಕೆಲಸವೂ ಹೌದು. ಆ ಹರಪನಹಳ್ಳಿ ಕಡೆಯವರು ಇಳಿಸಿದರು. ದೋಣಿ ಬಿಡಿಸಿ, ಆ ಮೂಲೆಗೆ ಮಾತ್ರ ಹೊಸ ಕರಲು ಕೊಟ್ಟರು. ಬೋಗುಣಿಗಳು ಅಡಿಗೆಮನೆಗೆ ಮರಳಿದವು.

ಮಾಳಿಗೆ ದೋಣಿ ಹೇಗಿರಬೇಕು?

250 ಚದರ ಅಡಿಗೆ ಒಂದರಂತೆ ದೋಣಿ ಇರಲಿ; 25ಕ್ಕೆ 20ರ ಮಾಳಿಗೆಗೆ ಎರಡು. ಒಂದು ಕಟ್ಟಿಕೊಂಡರೂ ಇನ್ನೊಂದು ಕೆಲಸ ಮಾಡೀತು. ಬಾಯಿ ನಾಲ್ಕು ಅಂಗುಲಕ್ಕೆ ಕಡಿಮೆ ಇರಬಾರದು. ಕಲ್ಲಿನ ದೋಣಿ ಇದ್ದರೆ ಅದಕ್ಕೆ ಮಿಗಿಲಾದದ್ದಿಲ್ಲ, ಕಿತ್ತು ಹಾಕಬೇಡಿರಿ. ಇಲ್ಲದಿದ್ದರೆ ನಾಲ್ಕಂಗುಲದ ಪಿವಿಸಿ ಪೈಪಿನ ತುಂಡು ಸಾಕು.

ಎಲ್ಲರೂ ಮಾಡುವ ತಪ್ಪು ದೋಣಿಯನ್ನು ಗಿಡ್ಡ ಇಡುವುದು. ಗೋಡೆಯಿಂದ ಒಂದು ಗೇಣು ಹೊರಗೆ ಬಂದರೆ ಸಾಕೆಂದುಕೊಳ್ಳುತ್ತಾರೆ. ಗಾಳಿಮಳೆಯಲ್ಲಿ ಆ ನೀರೆಲ್ಲ ತಿರುಗಿ ಗೋಡೆಗೇ ಹೊಡೆಯುತ್ತದೆ. ಮಳೆ ಸಣ್ಣದಾದಾಗ ದೋಣಿಯ ಅಡಿಯನ್ನು ನೆಕ್ಕಿಕೊಂಡು ಹಿಂದಕ್ಕೆ ಹರಿದು ಗೋಡೆಗೆ ಇಳಿಯುತ್ತದೆ. ಎರಡು ಅಡಿ ಹೊರಗೆ ಚಾಚಿರಲಿ, ತುದಿ ಒಂದು ಅಂಗುಲ ಕೆಳಗೆ ಬಾಗಿರಲಿ, ಪೈಪಾದರೆ ತುದಿಯನ್ನು ಓರೆಯಾಗಿ ಕತ್ತರಿಸಿರಿ. ನೀರು ಅಲ್ಲಿಯೇ ಕಡಿದು ಬೀಳುತ್ತದೆ.

ಒಳಗಡೆ ಬಾಯಿಯ ತಳ ಮಾಳಿಗೆಯ ಮಟ್ಟಕ್ಕಿಂತ ಅರ್ಧ ಅಂಗುಲ ತಗ್ಗಿನಲ್ಲಿರಬೇಕು. ಮಣ್ಣು ಕೊಚ್ಚಿ ಹೋಗುತ್ತದೆಂದು ಬಾಯಿಯ ಮುಂದೆ ಒಡ್ಡು ಕಟ್ಟುವವರಿದ್ದಾರೆ. ಅದು ಮಾಳಿಗೆಯನ್ನು ಕೆರೆ ಮಾಡಿದಂತೆ. ಬೇಕಾದರೆ ಬಾಯಿಯ ಸುತ್ತ ಒಂದು ಮೊಳ ಜಾಗಕ್ಕೆ ಕಡಪ ಕಲ್ಲೋ ಸಣ್ಣ ಚಪ್ಪಡಿಯೋ ಹಾಸಿ, ಸಂದಿಗೆ ಗಾರೆ ಕೊಡಿರಿ. ದೋಣಿ ಕುಂಬಿಯನ್ನು ತೂರಿ ಬರುವ ಜಾಗವೇ ಮೊದಲು ಬಿರಿಯುವುದು. ಅಲ್ಲಿಗೆ ವರ್ಷಕ್ಕೊಮ್ಮೆ ಗಾರೆ ಮೆತ್ತಲೇಬೇಕು. ಗುಬ್ಬಿ ಬಾರದಂತೆ ಬಾಯಿಗೆ ದಪ್ಪ ಕಣ್ಣಿನ ಜಾಲರಿ ಇಡಬಹುದು, ಆದರೆ ಜಾಲರಿ ಇಟ್ಟವರು ಅದರ ಮುಂದೆ ಕೂಡುವ ಕಸವನ್ನು ತೆಗೆಯುವವರೂ ಆಗಿರಬೇಕು. ಗೂಡಿನಲ್ಲಿ ಮರಿಗಳಿದ್ದರೆ ಹದಿನೈದು ದಿನ ತಡೆಯಿರಿ, ಹಾರಿಹೋಗುತ್ತವೆ. ಈ ಕೆಲಸವನ್ನು ರೋಹಿಣಿಯ ಅಂಚಿಗೆ ಬಿಡದೆ ಭರಣಿಯಲ್ಲಿಯೇ ನೋಡಿರೆನ್ನುವುದು ಇದಕ್ಕೂ ಸೇರಿ.

ಎರಡನೆಯ ಸಲ ನೋಡಬೇಕಾದದ್ದು ಹುಬ್ಬೆ ಮಳೆಗೆ ಮುಂಚೆ, ಆಗಸ್ಟ್ ಕೊನೆಯಲ್ಲಿ. ಮುಂಗಾರಿನ ಮಳೆ ತಂದಿಟ್ಟ ಹೂಳು ಅಷ್ಟರಲ್ಲಿ ಒಣಗಿ ಬಿಲ್ಲೆಯಾಗಿರುತ್ತದೆ. ಮುಂಗಾರಿಗೆ ಮುಂಚೆ ಮಾಡಿದ್ದೇವಲ್ಲ ಎಂದು ಬಿಟ್ಟವರೇ ಉತ್ತರೆ, ಹಸ್ತದಲ್ಲಿ ಪೇಚಿಗೆ ಸಿಕ್ಕುತ್ತಾರೆ.

ತಗಡು, ಹೆಂಚಿನ ಮನೆಗೆ

ಸೂರು ದೋಣಿಗೆ ಬಹಳ ಮಂದಿ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ಕಟ್ಟುತ್ತಾರೆ. ಒಳ್ಳೆಯ ಉಪಾಯ. ಒಂದು ಚದರ ಮೀಟರ್ ಚಾವಣಿಗೆ ದೋಣಿಯ ಬಾಯಿ ಒಂದು ಚದರ ಸೆಂಟಿಮೀಟರ್ ಇರಬೇಕೆಂಬುದು ಲೆಕ್ಕ. ಅದರಂತೆ ಎರಡು ಇಳಿಜಾರಿನ 500 ಚದರ ಅಡಿಯ ಮನೆಗೆ ಪ್ರತಿ ಬದಿಗೆ ನಾಲ್ಕಂಗುಲದ ಪೈಪಿನ ಅರ್ಧ ಸಾಕು. ಒಂದೇ ಇಳಿಜಾರಾದರೆ ಆರಂಗುಲದ ಪೈಪಿನ ಅರ್ಧ ಹಾಕುವುದು ಕ್ಷೇಮ. ಪ್ರತಿ ಎಂಟು ಅಡಿಗೆ ಒಂದು ಅಂಗುಲ ವಾಟ ಕೊಡಿರಿ. ಕಣ್ಣಳತೆ ಮೋಸ ಮಾಡುತ್ತದೆ. ರಸಮಟ್ಟ ಇಲ್ಲದಿದ್ದರೆ ಒಂದು ಚೊಂಬು ನೀರು ಎತ್ತರದ ತುದಿಗೆ ಸುರಿದು ನೋಡಿರಿ, ಎಲ್ಲಿ ನಿಲ್ಲುತ್ತದೋ ಅಲ್ಲಿ ಕೊಕ್ಕೆ ಎತ್ತಬೇಕು.

ಕರಾವಳಿಯಲ್ಲಿ ದೋಣಿಯನ್ನು ಉಪ್ಪುಗಾಳಿ ತಿಂದರೆ ನಮ್ಮಲ್ಲಿ ಬಿಸಿಲು ತಿನ್ನುತ್ತದೆ. ಪಿವಿಸಿ ಬಿಸಿಗೆ ಬೆಳೆಯುವ ವಸ್ತು. ಚಳಿಗಾಲದ ಬೆಳಗಿನ ಜಾವಕ್ಕೂ ಬೇಸಿಗೆಯ ಮಧ್ಯಾಹ್ನ ಬಿಸಿಲಿಗೆ ಕಾದ ಸ್ಥಿತಿಗೂ ಇಪ್ಪತ್ತಡಿ ಪೈಪಿನ ಉದ್ದದಲ್ಲಿ ಸುಮಾರು ಮುಕ್ಕಾಲು ಅಂಗುಲ ವ್ಯತ್ಯಾಸ ಬೀಳುತ್ತದೆ. ಎರಡೂ ತುದಿಗೆ ಮೊಳೆ ಹೊಡೆದು ಬಿಗಿದರೆ ಅದು ಬೆಳೆಯಲು ಜಾಗವಿಲ್ಲದೆ ಬಿಲ್ಲಿನಂತೆ ಬಾಗುತ್ತದೆ, ಇಲ್ಲವೆ ಮೊಳೆಯ ಬಳಿ ಸೀಳುತ್ತದೆ. ಬಾಗಿದಲ್ಲಿ ನೀರು ನಿಲ್ಲುತ್ತದೆ. ಆದ್ದರಿಂದ ಮೊಳೆ ಬೇಡ. ಎರಡೆರಡು ಅಡಿಗೆ ಕಬ್ಬಿಣದ ಪಟ್ಟಿಯ ಕೊಕ್ಕೆ ಹಾಕಿ, ದೋಣಿ ಅದರಲ್ಲಿ ಸಡಿಲವಾಗಿ ಕೂರಲಿ. ಗಾಳಿಗೆ ಹಾರದಂತೆ ತಂತಿ ಸುತ್ತಿದರೆ ಸಾಕು. ಜೋಡಿಸುವಲ್ಲಿ ಒಂದರೊಳಗೊಂದು ಒಂದು ಗೇಣು ಹೊಕ್ಕಿರಲಿ. ಹೊರಮೈಗೆ ಸುಣ್ಣವನ್ನೋ ಬಿಳಿ ಬಣ್ಣವನ್ನೋ ಬಳಿದರೆ ಬಿಸಿಲಿನ ಹೊಡೆತ ಕಡಿಮೆಯಾಗುತ್ತದೆ.

ಏಣಿ ಹಾಕುವ ಮುಂಚೆ ಕಂಬದಿಂದ ಮನೆಗೆ ಬಂದಿರುವ ಕರೆಂಟಿನ ತಂತಿ ಎಲ್ಲಿದೆ ನೋಡಿರಿ. ತಗಡಿನ ಚಾವಣಿಗೆ ಉಜ್ಜುವ ಹಳೆಯ ತಂತಿ ಎಷ್ಟೋ ಮನೆಗಳಲ್ಲಿದೆ. ಮೇನ್ ಸ್ವಿಚ್ ತೆಗೆದರೂ ಕಂಬದಿಂದ ಸ್ವಿಚ್ಚಿನವರೆಗಿನ ತಂತಿಯಲ್ಲಿ ಕರೆಂಟು ಇದ್ದೇ ಇರುತ್ತದೆ. ಸಂಶಯ ಬಂದರೆ ಲೈನ್‌ಮನ್‌ಗೆ ಹೇಳಿ ಸರಿಪಡಿಸಿಕೊಂಡ ಮೇಲೆಯೇ ಹತ್ತಿರಿ. ಹಳೆಯ ಸಿಮೆಂಟ್ ಶೀಟಿನ ಮೇಲೆ ಕಾಲಿಟ್ಟು ನಿಲ್ಲಬಾರದು, ಒಡೆದು ಕೆಳಗೆ ಬೀಳುತ್ತೀರಿ. ಆಸ್ಬೆಸ್ಟಾಸ್ ಶೀಟನ್ನು ಒಣಗಿದ್ದಾಗ ಉಜ್ಜುವುದು, ಕೊರೆಯುವುದು, ಗರಗಸದಿಂದ ಕುಯ್ಯುವುದು ಬೇಡ. ಅದರ ಧೂಳು ಶ್ವಾಸಕೋಶಕ್ಕೆ ಬಹಳ ಕೇಡು.

ಗೋಡೆಯ ಬುಡ

ಮೇಲೆ ದೋಣಿ ಸರಿಯಿದ್ದು ಕೆಳಗೆ ನೀರು ಗೋಡೆಯ ಬುಡದಲ್ಲಿಯೇ ಮಡುಗಟ್ಟಿದರೆ ಮಾಡಿದ್ದೆಲ್ಲ ವ್ಯರ್ಥ. ಹತ್ತು ಅಡಿ ಮೇಲಿನಿಂದ ಬೀಳುವ ನೀರು ನಾಲ್ಕೇ ಮಳೆಗೆ ಮೊಣಕಾಲುದ್ದ ಗುಂಡಿ ತೋಡುತ್ತದೆ. ಬೀಳುವ ಜಾಗಕ್ಕೆ ಒಂದು ಚಪ್ಪಡಿ ಹಾಕಿ, ಅಲ್ಲಿಂದ ಕಾಲುವೆ ತೆಗೆದು ಗೋಡೆಯಿಂದ ಕನಿಷ್ಠ ಐದಾರು ಅಡಿ ಆಚೆಗೆ ನೀರು ಹರಿಸಿರಿ. ಹಡಗಲಿ ಸೀಮೆಯ ಎರೆಭೂಮಿಯಲ್ಲಿ ಈ ಎಚ್ಚರ ಇಮ್ಮಡಿ ಬೇಕು. ಎರೆಮಣ್ಣು ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ತಳಪಾಯವನ್ನೇ ಎತ್ತಿ ಇಳಿಸಿ ಆಡಿಸುತ್ತದೆ. ಕೂಡ್ಲಿಗಿಯ ಕೆಂಪು ಮಸಬಿನಲ್ಲಿ ನೀರು ಬೇಗ ಇಂಗಿಹೋಗುವುದರಿಂದ ಅಷ್ಟು ಕಾಟವಿಲ್ಲ. ತಿಪ್ಪೆ, ಸೌದೆ, ಮೇವಿನ ಬಣವೆಯನ್ನು ಮಣ್ಣಿನ ಗೋಡೆಗೆ ಒತ್ತಿ ಒಟ್ಟುವ ಚಾಳಿ ಎಲ್ಲ ಕಡೆಯೂ ಇದೆ. ಅದರ ಹಿಂದೆ ಗೋಡೆ ಒಣಗುವುದೇ ಇಲ್ಲ.

ಮಣ್ಣಿನ ಗೋಡೆ ಹೇಳದೆ ಬೀಳುವುದು ಕಡಿಮೆ. ಬುಡದಿಂದ ಮೂರಡಿ ಎತ್ತರಕ್ಕೆ ತೇವ ಏರಿರುವುದು, ನಡುವೆ ಹೊಟ್ಟೆ ಬಂದಂತೆ ಉಬ್ಬಿರುವುದು, ಎರಡು ಗೋಡೆ ಕೂಡುವ ಮೂಲೆಯಲ್ಲಿ ಮೇಲಿನಿಂದ ಕೆಳಗೆ ಬಿರುಕು, ನಿನ್ನೆಯವರೆಗೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಇಂದು ಹಿಡಿಯುವುದು, ಜಂತಿಯ ಸಂದಿಯಿಂದ ಮಣ್ಣು ಉದುರುವುದು, ಇವು ಅದರ ಮಾತುಗಳು. ಇವುಗಳಲ್ಲಿ ಒಂದು ಕಂಡರೂ ಆ ರಾತ್ರಿ ಆ ಕೋಣೆಯಲ್ಲಿ ಯಾರೂ ಮಲಗಬಾರದು. ಮಗುವಿನ ತೊಟ್ಟಿಲನ್ನು ಆ ಗೋಡೆಗೆ ಕಟ್ಟಬೇಡಿರಿ, ದನಗಳನ್ನು ಬಿಚ್ಚಿ ಬೇರೆ ಕಡೆ ಕಟ್ಟಿರಿ. ಮಳೆ ನಿಂತ ಮೇಲೆ ಗಂಡಾಂತರ ಕಳೆಯಿತೆಂದು ಒಳಗೆ ಹೋಗುವವರಿದ್ದಾರೆ. ನೆನೆದ ಗೋಡೆ ಮಳೆ ನಿಂತ ಮರುದಿನವೂ ಬೀಳುತ್ತದೆ, ಬಿಸಿಲು ಬಿದ್ದ ಮೇಲೂ ಬೀಳುತ್ತದೆ.

ಹೊರಗೆ ಹಾಕಿದ ನೀರು ಎಲ್ಲಿಗೆ?

ದೋಣಿ ಸರಿಮಾಡಿಕೊಂಡವರು ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ನಮ್ಮ ತಾಲೂಕುಗಳ ಅನೇಕ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಇರಬಹುದು. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಎಂಬುದು ಭಾರತೀಯ ಮಾನಕ ಸಂಸ್ಥೆಯ ಮಿತಿ. ಅದಕ್ಕಿಂತ ಹೆಚ್ಚಿನದನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದು ಕಲೆಗಟ್ಟುತ್ತದೆ, ಪ್ರಮಾಣ ಬಹಳವಾದರೆ ದೊಡ್ಡವರ ಮೂಳೆ, ಕೀಲುಗಳು ಬಿಗಿಯುತ್ತವೆ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುತ್ತದೆಂಬ ನಂಬಿಕೆ ತಪ್ಪು. ನೀರು ಆವಿಯಾಗಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ ಅಷ್ಟೇ. ಕೆಲವು ಊರುಗಳಿಗೆ ಹೊಳೆಯ ನೀರು ಬಂದಿದೆ, ಕೆಲವು ಕಡೆ ಶುದ್ಧೀಕರಣ ಘಟಕಗಳಿವೆ. ಅವು ಕೆಟ್ಟ ದಿನ ಮತ್ತೆ ಬೋರ್‌ವೆಲ್ಲೇ ಗತಿ. ಮುಗಿಲಿನಿಂದ ಬೀಳುವ ನೀರಿನಲ್ಲಿ ಫ್ಲೋರೈಡಿನ ಕಾಟವಿಲ್ಲ.

ಆರ್‌ಸಿಸಿ, ತಗಡು, ಹೆಂಚಿನ ಚಾವಣಿಯ ನೀರು ಇದಕ್ಕೆ ಯೋಗ್ಯ. ಕರಲು ಮಣ್ಣಿನ ಮಾಳಿಗೆಯ ನೀರು ಕೆಸರು ಮತ್ತು ಉಪ್ಪಿನಂಶ ಹೊತ್ತು ತರುವುದರಿಂದ ಕುಡಿಯಲು ಬೇಡ. ಆಸ್ಬೆಸ್ಟಾಸ್ ಚಾವಣಿಯ ನೀರನ್ನೂ ಮರಗಳಿಗೆ ಬಿಡಿರಿ. 500 ಚದರ ಅಡಿಯ ಆರ್‌ಸಿಸಿ ಮನೆಯ ಮೇಲೆ 550 ಮಿಲಿಮೀಟರ್ ಮಳೆಯಾದರೆ, ಐದರಲ್ಲೊಂದು ಪಾಲು ಪೋಲಾದರೂ 20 ಸಾವಿರ ಲೀಟರ್ ಸಿಗುತ್ತದೆ. ಐದು ಜನರ ಸಂಸಾರಕ್ಕೆ ಕುಡಿಯಲು, ಅಡಿಗೆಗೆ ದಿನಕ್ಕೆ 20 ಲೀಟರ್ ಎಂದು ಹಿಡಿದರೆ ಮಳೆಯಿಲ್ಲದ ಎಂಟು ತಿಂಗಳಿಗೆ 4800 ಲೀಟರ್ ಬೇಕು. ಆರು ಅಡಿ ಅಗಲ, ಆರೂವರೆ ಅಡಿ ಆಳದ ದುಂಡು ತೊಟ್ಟಿ ಇಷ್ಟು ಹಿಡಿಯುತ್ತದೆ. ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ವಿಜ್ಞಾನಿಯಾಗಿದ್ದ ಎ.ಆರ್. ಶಿವಕುಮಾರ್ ಅವರು ತಮ್ಮ ಮನೆಯನ್ನೇ ಮಳೆನೀರಿನ ಮೇಲೆ ನಡೆಸಿ ತೋರಿಸಿದ್ದಾರೆ. ಅವರದು ನಮಗಿಂತ ಹೆಚ್ಚು ಮಳೆಯ ಊರು ನಿಜ. ನಮಗೆ ಬೇಕಾಗಿರುವುದು ಇಡೀ ಮನೆಗಲ್ಲ, ಕುಡಿಯುವ ಬಿಂದಿಗೆಗೆ.

2006ರ ಸುಮಾರಿಗೆ ಸುವರ್ಣ ಜಲ ಯೋಜನೆಯಲ್ಲಿ ರಾಜ್ಯದ ಸಾವಿರಾರು ಹಳ್ಳಿ ಶಾಲೆಗಳಿಗೆ ಮಳೆನೀರಿನ ತೊಟ್ಟಿ ಕಟ್ಟಿದ್ದರು. ಕೆಲವು ಶಾಲೆಗಳಲ್ಲಿ ತೊಟ್ಟಿ ಗಟ್ಟಿಯಾಗಿಯೇ ನಿಂತಿದೆ, ಅದಕ್ಕೆ ನೀರು ತರುವ ದೋಣಿ ಮಾತ್ರ ಇಲ್ಲ. ಕೊಕ್ಕೆ ಕಿತ್ತಿದ್ದು, ಪೈಪು ಬಿರಿದದ್ದು ಸಣ್ಣ ರಿಪೇರಿ. ಆ ಸಣ್ಣ ರಿಪೇರಿ ಯಾರದೆಂದು ತೀರ್ಮಾನವಾಗುವಷ್ಟರಲ್ಲಿ ಮಳೆಗಾಲ ಮುಗಿದಿರುತ್ತದೆ. ಮನೆಯ ದೋಣಿಗೆ ಆ ತೊಂದರೆಯಿಲ್ಲ, ಮಾಲೀಕರು ನೀವೇ.

ತೊಟ್ಟಿಗೆ ನೀರು ಬಿಡುವಾಗ ಒಂದು ನಿಯಮ ತಪ್ಪಬಾರದು. ಬೇಸಿಗೆಯ ಧೂಳು, ಹಕ್ಕಿಯ ಹಿಕ್ಕೆ ತೊಳೆದು ಬರುವ ಮೊದಲ ನೀರು ಒಳಗೆ ಹೋಗಕೂಡದು. 500 ಚದರ ಅಡಿಗೆ 50ರಿಂದ 90 ಲೀಟರ್ ಹೊರಗೆ ಹಾಕಬೇಕು. ಇದಕ್ಕೆಂದು ನೆಟ್ಟಗೆ ನಿಲ್ಲಿಸುವ ನಾಲ್ಕಂಗುಲದ ಪೈಪು ಮೂರು ಅಡಿಗೆ ಏಳೆಂಟು ಲೀಟರ್ ಮಾತ್ರ ಹಿಡಿಯುತ್ತದೆ, ಆದ್ದರಿಂದ ಅದೊಂದನ್ನೇ ನಂಬಬೇಡಿರಿ. ಇಳಿಪೈಪಿನ ತುದಿಗೆ ತಿರುಗಿಸಲು ಬರುವ ಬಾಗು ಇರಲಿ. ಅಶ್ವಿನಿ, ಭರಣಿಯ ಮಳೆಗಳನ್ನು ಪೂರ್ತಿ ಹೊರಗೆ ಬಿಡಿರಿ, ಅವು ಚಾವಣಿ ತೊಳೆಯಲಿ. ಮುಂದಿನ ಪ್ರತಿ ಮಳೆಗೂ ಮೊದಲ ಕಾಲು ಗಂಟೆ ಹೊರಗೆ, ಆಮೇಲೆ ಒಳಗೆ. ಬಾಯಿಗೆ ಜಲ್ಲಿ, ಮರಳು, ಮೇಲೊಂದು ಬಟ್ಟೆ. ತೊಟ್ಟಿಗೆ ಬೆಳಕು, ಸೊಳ್ಳೆ ಹೋಗದಂತೆ ಮುಚ್ಚಳ ಭದ್ರವಾಗಿರಬೇಕು. ಸೂರು ದೋಣಿಯಲ್ಲಿ ನೀರು ವಾರ ನಿಂತರೂ ಸೊಳ್ಳೆ ಹುಟ್ಟುತ್ತದೆ. 2006ರಲ್ಲಿ ಚಿಕೂನ್‌ಗುನ್ಯಾ ಬಂದು ಊರಿಗೆ ಊರೇ ಕೀಲು ಹಿಡಿದುಕೊಂಡು ಮಲಗಿದ್ದನ್ನು ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ತೊಟ್ಟಿ ತುಂಬಿದ ಮೇಲೆ 5 ಸಾವಿರ ಲೀಟರಿಗೆ ಸುಮಾರು 12 ಗ್ರಾಂ ಹೊಸ ಬ್ಲೀಚಿಂಗ್ ಪುಡಿಯನ್ನು ಅಂಗಡಿಯಲ್ಲಿ ತೂಗಿಸಿಕೊಂಡು ತಂದು, ಒಂದು ಪ್ಲಾಸ್ಟಿಕ್ ಬಕೆಟ್ ನೀರಿನಲ್ಲಿ ಕಲಸಿ ಹತ್ತು ನಿಮಿಷ ಬಿಡಿರಿ. ಗಸಿ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ತೊಟ್ಟಿಗೆ ಸುರಿದು, ಒಂದು ಗಂಟೆ ಕಳೆದ ಮೇಲೆ ನೀರು ಬಳಸಿರಿ. ಹಳೆಯ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ, ಪೊಟ್ಟಣದ ಮೇಲಿನ ತಾರೀಖು ನೋಡಿಯೇ ಕೊಳ್ಳಿರಿ.